ಸೋಮವಾರದ ಸಂತ: ಸರ್ ಜಾನ್ ಲಬ್ಬಕ್

ನಮ್ಮ ಕಾಲೇಜಿನಲ್ಲಿ ಅಜ್ಜಿಯಂದಿರು ಸಾಯುವುದು ಹೆಚ್ಚು. ಕ್ರಿಕೆಟ್ ಪಂದ್ಯಗಳ ವಾರದಲ್ಲಿಯೂ ಊರ ಜಾತ್ರೆಯ ಹಿಂದುಮುಂದಿನ ದಿನಗಳಲ್ಲಿಯೂ ಈ ಮರಣಗಳ ಸಂಖ್ಯೆ ಏರುವುದನ್ನು ಹಾಜರಿ ಪುಸ್ತಕ ಹಿಡಿದ ನಮ್ಮ ಅಧ್ಯಾಪಕರು ಚೆನ್ನಾಗಿ ಬಲ್ಲರು. ನಾವು ರಜಾ ಅರ್ಜಿ ಕೊಟ್ಟಾಗ ಅವರು ಒಮ್ಮೆ ತಲೆಯೆತ್ತಿ ಮುಖ ನೋಡಿ, ಇದು ಎಷ್ಟನೆಯ ಅಜ್ಜಿಯೆಂದು ಕೇಳದೆ ರುಜು ಹಾಕುತ್ತಾರೆ. ಆ ನೋಟಕ್ಕೆ ತರಗತಿಯೆಲ್ಲ ನಗುತ್ತದೆ, ನಾನೂ ನಕ್ಕಿದ್ದೇನೆ. ಆದರೆ ಎರಡು ವರ್ಷಗಳಿಂದೀಚೆಗೆ ನನಗೆ ಆ ನಗು ಬರುತ್ತಿಲ್ಲ.

ನನ್ನ ತಂದೆಯವರು ಇಪ್ಪತ್ತಾರು ವರ್ಷಗಳಿಂದ ಒಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದಾರೆ. ಅಲ್ಲಿ ರಜಾ ಎಂಬುದಕ್ಕೆ ಲೆಕ್ಕವಿಲ್ಲ, ಗೊತ್ತಾದ ದಿನವಿಲ್ಲ. ಕೇಳಿದರೆ ಸಿಕ್ಕದು, ಆದುದರಿಂದ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಯಾವನಾದರೂ ಹುಡುಗನ ಕೈಯಲ್ಲಿ ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸುತ್ತಾರೆ. ಯಜಮಾನರು ನಂಬುವುದಿಲ್ಲ, ಆ ದಿನದ ಸಂಬಳ ಹಿಡಿಯುತ್ತಾರೆ, ಮರುದಿನ ಎಲ್ಲರೂ ಏನೂ ಆಗದವರಂತೆ ಗಿರಾಕಿಗಳ ಮುಂದೆ ನಿಲ್ಲುತ್ತಾರೆ. ಅಕ್ಕನ ಮದುವೆಯ ಮಾತುಕತೆಗೆಂದು ಒಮ್ಮೆ, ನನ್ನನ್ನು ಈ ಕಾಲೇಜಿಗೆ ಸೇರಿಸಲೆಂದು ಇನ್ನೊಮ್ಮೆ, ತಂದೆಯವರು ತಮ್ಮ ತಾಯಿಗೆ ಪ್ರಾಣಸಂಕಟವೆಂದು ಹೇಳಿದ್ದರು. ಮೂರನೆಯ ಸಲ ಅದು ನಿಜವೇ ಆಯಿತು. ಯುಗಾದಿಯ ಹಿಂದಿನ ವಾರ. ಅಂಗಡಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಹಬ್ಬ ಮುಗಿಯಲೆಂದು ಯಜಮಾನರು ನಗುತ್ತ ಹೇಳಿದರಂತೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿಸಿ, ಕೊನೆಯ ಬಸ್ಸು ಹಿಡಿದು ತಂದೆಯವರು ಹಳ್ಳಿ ಸೇರಿದಾಗ ಅಜ್ಜಿ ತೀರಿಕೊಂಡು ಮೂರು ಗಂಟೆಯಾಗಿತ್ತು. ಯಜಮಾನರನ್ನು ನಾನು ಬಯ್ಯಲಾರೆ. ಎರಡು ಸಲ ಸುಳ್ಳು ಕೇಳಿದವರು ಮೂರನೆಯ ಸಲ ನಿಜವನ್ನು ಹೇಗೆ ಗುರುತು ಹಿಡಿಯಬೇಕು?

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದಕ್ಕೆ ವಾಚಕರು ಕ್ಷಮಿಸಬೇಕು. ಇದಿಲ್ಲದಿದ್ದರೆ, ನೂರು ವರ್ಷಗಳಿಗೂ ಹಿಂದೆ ಸತ್ತ ಒಬ್ಬ ಇಂಗ್ಲಿಷ್ ಶ್ರೀಮಂತನ ಜೀವನಚರಿತ್ರೆಯನ್ನು ನಾನೇಕೆ ಬರೆಯುತ್ತಿದ್ದೇನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಆತನ ಹೆಸರನ್ನು ನಾನು ಮೊದಲು ಕಂಡದ್ದು ನಮ್ಮ ಗ್ರಂಥಾಲಯದ ಹಳೆಯ ಕಪಾಟಿನಲ್ಲಿ. ಜೀವನದ ಸುಖಗಳನ್ನು ಕುರಿತು ಆತನು 1887ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಅಲ್ಲಿದೆ. ಬೆನ್ನು ಕಿತ್ತುಹೋಗಿದೆ, ಅಂಚುಗಳನ್ನು ಹುಳು ತಿಂದಿದೆ. ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿಯೊಂದನ್ನು ಆತನು ಮಾಡಿದ್ದನು. ಲಂಡನ್ನಿನಲ್ಲಿ ದುಡಿಯುವ ಜನರಿಗಾಗಿ ಇದ್ದ ಕಾಲೇಜಿಗೆ ಪ್ರಿನ್ಸಿಪಾಲನಾಗಿದ್ದಾಗ ಮಾಡಿದ ಭಾಷಣದಿಂದ ಹುಟ್ಟಿದ ಪಟ್ಟಿ ಅದು. ಅದರಲ್ಲಿ ಕಾಳಿದಾಸನ ಶಾಕುಂತಲವನ್ನೂ, ಸಂಗ್ರಹರೂಪದಲ್ಲಿ ರಾಮಾಯಣ ಮಹಾಭಾರತಗಳನ್ನೂ ಕಂಡು ನನಗೆ ಕುತೂಹಲವಾಯಿತು. ಈತನು ಪಂಡಿತನಿರಬೇಕೆಂದುಕೊಂಡೆ. ವಿಚಾರಿಸಿದರೆ ಬ್ಯಾಂಕಿನ ಯಜಮಾನ! ಇನ್ನೂ ವಿಚಾರಿಸಿದರೆ ಇರುವೆಗಳ ಶಾಸ್ತ್ರಜ್ಞ. ಇನ್ನೂ ಮುಂದೆ ಹೋದರೆ, ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳನ್ನು ಬರೆಸಿದವನು.

ಜಾನ್ ಲಬ್ಬಕ್ ಹುಟ್ಟಿದ್ದು 1834ನೆಯ ಇಸವಿ ಏಪ್ರಿಲ್ 30ರಂದು, ಲಂಡನ್ ನಗರದಲ್ಲಿ. ತಂದೆಯ ಹೆಸರೂ ಜಾನ್ ಎಂದೇ. ಆತನು ಬ್ಯಾಂಕರನೂ ಗಣಿತ ಖಗೋಳಗಳಲ್ಲಿ ಹೆಸರಾದ ವಿದ್ವಾಂಸನೂ ಆಗಿದ್ದನು. ಕುಟುಂಬವು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಬಳಿ ನೆಲಸಿತ್ತು. 1842ರಲ್ಲಿ ಅದೇ ಹಳ್ಳಿಗೆ, ಆರೋಗ್ಯ ಕೆಟ್ಟ ಒಬ್ಬ ನೆರೆಯವನು ಬಂದು ಮನೆ ಮಾಡಿದನು. ಆತನೇ ಚಾರ್ಲ್ಸ್ ಡಾರ್ವಿನ್. ಎಂಟು ವರ್ಷದ ಹುಡುಗನಿಗೆ ಇಂಥ ನೆರೆಮನೆ ಸಿಕ್ಕುವುದು ಎಷ್ಟು ಜನ್ಮದ ಪುಣ್ಯವೋ! ಹುಡುಗನಿಗೆ ಸೂಕ್ಷ್ಮದರ್ಶಕ ಕೊಡಿಸಬೇಕೆಂದು ತಂದೆಯನ್ನು ಒಪ್ಪಿಸಿದವನೂ ಡಾರ್ವಿನ್ನನೇ.

ಶಾಲೆಯ ಭಾಗ್ಯ ಮಾತ್ರ ಬೇಗ ಮುಗಿಯಿತು. ತಂದೆಯ ಬ್ಯಾಂಕಿನ ಪಾಲುದಾರರು ಕಾಯಿಲೆ ಬಿದ್ದುದರಿಂದ ಕೆಲಸಕ್ಕೆ ಜನವಿಲ್ಲದೆ, ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಜಾನನನ್ನು ಈಟನ್ ಶಾಲೆಯಿಂದ ಬಿಡಿಸಿ ಬ್ಯಾಂಕಿನ ಮೇಜಿನ ಮುಂದೆ ಕೂರಿಸಿದರು. ಇತರರ ಗೈರುಹಾಜರಿಯ ಫಲವನ್ನು ಆತನು ಹೀಗೆ ಎಳೆಯ ವಯಸ್ಸಿನಲ್ಲಿಯೇ ಉಂಡನು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಲೇ ಇಲ್ಲ. ಬೆಳಗಿನ ಜಾವ ಎದ್ದು ಜೀವಶಾಸ್ತ್ರ, ಹಗಲು ಹುಂಡಿ ಲೆಕ್ಕಾಚಾರ, ರಾತ್ರಿ ಓದು. ಹೀಗೆ ದಿನವನ್ನು ತುಂಡುತುಂಡಾಗಿ ಹಂಚಿಕೊಂಡು ನಡೆದವನು ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಎಂದರೆ 1858ರಲ್ಲಿ, ರಾಯಲ್ ಸೊಸೈಟಿಯ ಸದಸ್ಯನಾದನು. 1865ರಲ್ಲಿ ತಂದೆ ತೀರಿಕೊಂಡಾಗ ಬ್ಯಾರನೆಟ್ ಪದವಿ ಬಂದಿತು. ಇತಿಹಾಸಪೂರ್ವ ಕಾಲವನ್ನು ಕುರಿತ ಆತನ ಪ್ರಸಿದ್ಧ ಗ್ರಂಥ ಹೊರಬಂದುದೂ ಅದೇ ವರ್ಷ. ನಮ್ಮ ಇತಿಹಾಸದ ಪಠ್ಯದಲ್ಲಿ ಹಳೆಯ ಶಿಲಾಯುಗ, ಹೊಸ ಶಿಲಾಯುಗವೆಂದು ನಾವು ಬಾಯಿಪಾಠ ಮಾಡುತ್ತೇವಷ್ಟೆ. ಆ ಎರಡು ಯುಗಗಳಿಗೆ ಬೇರೆಬೇರೆ ಹೆಸರಿಟ್ಟವನು ಈತನೇ. ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ನಮಗೆ ಕಷ್ಟ ಕೊಟ್ಟವರಲ್ಲಿ ಒಬ್ಬ.

ಎರಡು ಚುನಾವಣೆಗಳಲ್ಲಿ ಸೋತು, ಕೊನೆಗೆ 1870ರಲ್ಲಿ ಮೇಡ್‌ಸ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟನ್ನು ಸೇರಿದನು. ಮರುವರ್ಷವೇ ಆತನ ಹೆಸರನ್ನು ಮನೆಮಾತಾಗಿ ಮಾಡಿದ ಕಾಯಿದೆ ಬಂದಿತು. ಅದರ ಮಹತ್ತ್ವ ತಿಳಿಯಬೇಕಾದರೆ ಆಗಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು.

ಹಿಂದೆ ಬ್ಯಾಂಕ್ ಆಫ್ ಇಂಗ್ಲೆಂಡು ಸಾಧುಸಂತರ ಹಬ್ಬಗಳೆಂದು ವರ್ಷಕ್ಕೆ ಸುಮಾರು 33 ದಿನ ಮುಚ್ಚಿರುತ್ತಿತ್ತು. ಲಬ್ಬಕ್ ಹುಟ್ಟಿದ ವರ್ಷವಾದ 1834ರಲ್ಲಿ ಅದನ್ನು ಒಮ್ಮೆಗೇ ನಾಲ್ಕಕ್ಕೆ ಇಳಿಸಿದರು. ಗುಡ್ ಫ್ರೈಡೆ, ಮೇ ಒಂದು, ನವೆಂಬರ್ ಒಂದು, ಕ್ರಿಸ್‌ಮಸ್, ಮುಗಿಯಿತು. ಇತರ ಕಸಬುಗಳಲ್ಲಿಯೂ ಹಳೆಯ ಹಬ್ಬದ ದಿನಗಳು ಒಂದೊಂದಾಗಿ ಸವೆದುಹೋಗುತ್ತಿದ್ದುವು. ಆದರೆ ಮನುಷ್ಯನ ಮೈ ಕೇಳಬೇಕಲ್ಲ! ಕೊಡದೆ ಹೋದ ರಜೆಯನ್ನು ಕೆಲಸಗಾರರು ತಾವೇ ತೆಗೆದುಕೊಂಡರು. ಶನಿವಾರ ಕೂಲಿ ಕೈಗೆ ಬರುತ್ತಿತ್ತು; ಭಾನುವಾರ ಕುಡಿತ ಕುಣಿತ; ಸೋಮವಾರ ಚಮ್ಮಾರನೂ ನೇಕಾರನೂ ಚಾಕು ಮಾಡುವವನೂ ಕೆಲಸಕ್ಕೆ ಬರುತ್ತಿರಲಿಲ್ಲ. ಇದಕ್ಕೆ ಸಂತ ಸೋಮವಾರನ ಹಬ್ಬವೆಂದು ಹೆಸರಿಟ್ಟು ಜನ ಹಾಸ್ಯ ಮಾಡುತ್ತಿದ್ದರು. ಪಂಚಾಂಗದಲ್ಲಿಲ್ಲದ ಈ ಸಂತನಿಗೆ ಇದ್ದಷ್ಟು ಭಕ್ತರು ಇದ್ದ ಸಂತರಿಗೆ ಇರಲಿಲ್ಲ.

ಕೈಮಗ್ಗದ ಕಾಲದಲ್ಲಿ ಇದರಿಂದ ಅಂಥ ನಷ್ಟವಿರಲಿಲ್ಲ. ಸೋಮವಾರ ಕಳೆದುಕೊಂಡವನು ಶುಕ್ರವಾರ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ಕೆಲಸ ಮುಗಿಸುತ್ತಿದ್ದನು. ಹಬೆಯ ಯಂತ್ರ ಬಂದಮೇಲೆ ಮಾತು ಬೇರೆಯಾಯಿತು. ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಬೆಂಕಿಯೆಬ್ಬಿಸಿಯಾಗಿದೆ, ಇಪ್ಪತ್ತು ಜನರಲ್ಲಿ ಎಂಟು ಜನ ಬಂದಿಲ್ಲ. ಯಾವ ಎಂಟು ಜನ ಬರುವುದಿಲ್ಲವೆಂಬುದು ಹಿಂದಿನ ದಿನ ತಿಳಿದಿಲ್ಲ. ಒಬ್ಬ ಬಾರದಿದ್ದರೆ ಅವನ ಕೈಯಿಂದ ಮಾಲು ಪಡೆಯಬೇಕಾದ ಇನ್ನೊಬ್ಬನೂ ಸುಮ್ಮನೆ ಕೂರಬೇಕು. ಮಾಲೀಕರು ದಂಡ ಹಾಕಿ ನೋಡಿದರು, ಕೆಲಸದಿಂದ ತೆಗೆದು ನೋಡಿದರು. ಸೋಮವಾರ ಮಾತ್ರ ಅಲುಗಲಿಲ್ಲ. ಕೊನೆಗೆ ಕೆಲವು ಊರುಗಳಲ್ಲಿ, ಮುಖ್ಯವಾಗಿ ಬರ್ಮಿಂಗ್‌ಹ್ಯಾಮಿನಲ್ಲಿ, ಬೇರೊಂದು ದಾರಿ ಹೊಳೆಯಿತು. ಶನಿವಾರ ಮಧ್ಯಾಹ್ನ ಬಿಡುವು ಕೊಡುತ್ತೇವೆ, ಸೋಮವಾರ ಬೆಳಿಗ್ಗೆ ತಪ್ಪದೆ ಬನ್ನಿ ಎಂಬ ಒಪ್ಪಂದ. ಬಟ್ಟೆ ಗಿರಣಿಗಳಲ್ಲಿ ಹೆಂಗಸರೂ ಎಳೆಯರೂ ಶನಿವಾರ ಎರಡು ಗಂಟೆಗೆ ಕೆಲಸ ಬಿಡಬೇಕೆಂದು 1850ರ ಕಾಯಿದೆಯೇ ಹೇಳಿತು. ಹೇಳಿ ಕೊಟ್ಟ ಅರ್ಧ ದಿನ, ಹೇಳದೆ ಹೋಗುತ್ತಿದ್ದ ಇಡೀ ದಿನವನ್ನು ಮೆಲ್ಲಗೆ ತಿನ್ನುತ್ತ ಬಂದಿತು. ನನಗೆ ಈ ಸಂಗತಿ ಬಹಳ ಹಿಡಿಸಿತು.

ಬ್ಯಾಂಕಿನ ಗುಮಾಸ್ತೆಗೆ ಸೋಮವಾರದ ಸಂತನೂ ಇರಲಿಲ್ಲ, ಶನಿವಾರದ ಒಪ್ಪಂದವೂ ಇರಲಿಲ್ಲ. ಯಜಮಾನನಿಗೆ ಮನಸ್ಸಿದ್ದರೂ ಬಾಗಿಲು ಮುಚ್ಚುವಂತಿರಲಿಲ್ಲ. ಅದಕ್ಕೆ ಕಾರಣ ಹುಂಡಿ. ಇಂಥ ದಿನ ಇಷ್ಟು ಹಣ ಕೊಡುತ್ತೇನೆಂದು ವರ್ತಕನು ಬರೆದುಕೊಟ್ಟ ಹುಂಡಿಯ ವಾಯಿದೆ ಆ ದಿನ ಮುಗಿದರೆ ಹಣ ಅದೇ ದಿನ ಸಲ್ಲಬೇಕು. ಬ್ಯಾಂಕು ಮುಚ್ಚಿತ್ತೆಂಬುದು ಉತ್ತರವಲ್ಲ. ಹುಂಡಿ ತಿರುಗಿತೆಂದರೆ ವರ್ತಕನ ಮಾನ ಹೋಯಿತು. ಭಾನುವಾರ, ಗುಡ್ ಫ್ರೈಡೆ, ಕ್ರಿಸ್‌ಮಸ್ ದಿನಗಳಲ್ಲಿ ವಾಯಿದೆ ಬಿದ್ದರೆ ಹಿಂದಿನ ದಿನವೇ ಸಲ್ಲಿಸಬೇಕೆಂಬ ಕಟ್ಟಳೆಯಿತ್ತು. ಆದುದರಿಂದ ಹೊಸದಾಗಿ ರಜಾ ಕೊಡಬೇಕೆಂದರೆ ಕರುಣೆ ಸಾಲದು, ಕಾಯಿದೆ ಬೇಕು. ಈ ಗಂಟು ಎಲ್ಲಿದೆಯೆಂಬುದು, ಹದಿನಾಲ್ಕರಿಂದ ಬ್ಯಾಂಕಿನಲ್ಲಿ ಬೆಳೆದವನಿಗಲ್ಲದೆ ಬೇರೆಯವರಿಗೆ ಕಾಣುವಂತಿರಲಿಲ್ಲ.

ಲಬ್ಬಕ್ ಮಾಡಿದ್ದು ಇಷ್ಟೆ. ಈಸ್ಟರ್ ಹಬ್ಬದ ಮರುದಿನದ ಸೋಮವಾರ, ಅದಾದ ಏಳು ವಾರಕ್ಕೆ ಬರುವ ವಿಟ್ ಸೋಮವಾರ, ಆಗಸ್ಟ್ ತಿಂಗಳ ಮೊದಲನೆಯ ಸೋಮವಾರ, ಕ್ರಿಸ್‌ಮಸ್ ಮರುದಿನವಾದ ಡಿಸೆಂಬರ್ 26, ಈ ನಾಲ್ಕು ದಿನ ಇಂಗ್ಲೆಂಡಿನ ಬ್ಯಾಂಕುಗಳು ಮುಚ್ಚತಕ್ಕದ್ದು. ಆ ದಿನಗಳ ಹುಂಡಿ ಮರುದಿನ ಸಂದರೆ ಸಾಕು. ಹಣ ಕೊಡಬೇಕೆಂದು ಆ ದಿನ ಯಾರೂ ಯಾರನ್ನೂ ಬಲವಂತ ಮಾಡಕೂಡದು. 1871ರ ಮೇ 25ರಂದು ಇದಕ್ಕೆ ರಾಣಿಯ ಅಂಕಿತ ಬಿದ್ದಿತು. ನಾಲ್ಕೇ ದಿನಗಳಲ್ಲಿ, ಮೇ 29ರಂದು, ಮೊದಲನೆಯ ರಜೆ.

ಬ್ಯಾಂಕ್ ರಜೆಯೆಂಬ ಬಡ ಹೆಸರಿನಲ್ಲಿಯೇ ಆತನ ಜಾಣತನವಿದೆಯೆಂದು ನನಗನ್ನಿಸುತ್ತದೆ. ರಾಷ್ಟ್ರದ ರಜೆಯೆಂದೋ ಕಾರ್ಮಿಕರ ರಜೆಯೆಂದೋ ಕರೆದಿದ್ದರೆ ಗಿರಣಿ ಮಾಲೀಕರು ಎದ್ದು ಕೂಗಾಡುತ್ತಿದ್ದರು. ಬ್ಯಾಂಕಿನವರ ವ್ಯವಹಾರ, ನಮಗೇನು ಎಂದು ಸುಮ್ಮನಿದ್ದರು. ಆದರೆ ಬ್ಯಾಂಕಿಲ್ಲದ ದಿನ ವ್ಯಾಪಾರವೆಲ್ಲಿ? ಒಂದರ ಹಿಂದೊಂದು ಬಾಗಿಲುಗಳು ಮುಚ್ಚಿದುವು. ಆ ವರ್ಷದ ಆಗಸ್ಟ್ 7ರ ಸೋಮವಾರ ಲಂಡನ್ನಿನ ರೈಲು ನಿಲ್ದಾಣಗಳಲ್ಲಿಯೂ ಹಡಗುಕಟ್ಟೆಗಳಲ್ಲಿಯೂ ಜನವೋ ಜನ. ಮಾರ್ಗೇಟ್, ರಾಮ್ಸ್‌ಗೇಟ್ ಮೊದಲಾದ ಸಮುದ್ರತೀರದ ಊರುಗಳು ತುಂಬಿ ತುಳುಕಿದುವು. 1875ರಲ್ಲಿ ಸುಂಕದ ಕಟ್ಟೆಗಳಿಗೂ ಬಂದರುಗಳಿಗೂ ರಜೆ ವಿಸ್ತರಿಸಿತು. ಉಳಿದ ಮೂರು ದಿನಗಳು ಹೇಗೋ ಹಬ್ಬಕ್ಕೆ ಅಂಟಿಕೊಂಡವು. ಆಗಸ್ಟ್ ಸೋಮವಾರವೊಂದು ಮಾತ್ರ ಯಾವ ದೇವರದೂ ಅಲ್ಲ, ಯಾವ ರಾಜನದೂ ಅಲ್ಲ. ಜನ ಅದನ್ನು ಸಂತ ಲಬ್ಬಕ್ಕನ ಹಬ್ಬವೆಂದು ಕರೆದರು. ತಾವಾಗಿ ತಪ್ಪಿಸಿಕೊಳ್ಳುತ್ತಿದ್ದ ಸೋಮವಾರದ ಹಳೆಯ ಸಂತನ ಗದ್ದಿಗೆಯ ಮೇಲೆ, ಮೊದಲೇ ಹೇಳಿ ಕೊಟ್ಟ ಸೋಮವಾರದ ಹೊಸ ಸಂತನು ಬಂದು ಕುಳಿತನು. ತನ್ನ ಹಳ್ಳಿಯ ಕ್ರಿಕೆಟ್ ಪಂದ್ಯಗಳಿಗೆ ಅನುಕೂಲವಾಗಲೆಂದು ಆತನು ಈ ದಿನಗಳನ್ನು ಆರಿಸಿದನೆಂದು ಒಂದು ಕಥೆಯುಂಟು. ನಾನು ನಂಬುವುದಿಲ್ಲ, ಡಿಸೆಂಬರ್ ಚಳಿಯಲ್ಲಿ ಕೆಂಟಿನಲ್ಲಿ ಯಾರು ಕ್ರಿಕೆಟ್ ಆಡುತ್ತಾರೆ?

ನಮ್ಮ ದೇಶಕ್ಕೂ ಇದರ ನೆರಳು ಬಂದಿದೆ. ಪ್ರತಿವರ್ಷ ಸರ್ಕಾರಿ ರಜಾ ಪಟ್ಟಿಯ ಜೊತೆಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ ಪ್ರಕಾರ ಬ್ಯಾಂಕುಗಳಿಗೆ ರಜೆಯೆಂಬ ಮಾತನ್ನು ನೋಡಿರುತ್ತೀರಿ. ಅದು 1881ರ ಕಾಯಿದೆಯ 25ನೆಯ ಪ್ರಕರಣ. ವಿಚಿತ್ರವೇನೆಂದರೆ, ರಜೆಯ ದಿನ ಬಿದ್ದ ಹುಂಡಿಯನ್ನು ಲಬ್ಬಕ್ ಮರುದಿನಕ್ಕೆ ತಳ್ಳಿದನು; ನಮ್ಮ ಕಾಯಿದೆ ಹಳೆಯ ಕಟ್ಟಳೆಯಂತೆ ಹಿಂದಿನ ಕೆಲಸದ ದಿನಕ್ಕೇ ಎಳೆಯಿತು.

ಈ ನಡುವೆ ಆತನು ಇರುವೆಗಳನ್ನು ಸಾಕಿ ನೋಡುತ್ತಿದ್ದನು. ಗಾಜಿನ ಹಲಗೆಗಳ ನಡುವೆ ಮಣ್ಣು ಹಾಕಿ ಗೂಡು ಕಟ್ಟಿಸಿ, ಒಂದೊಂದು ಇರುವೆಗೂ ಬಣ್ಣದ ಚುಕ್ಕೆಯಿಟ್ಟು, ಅದು ಹೋದ ಬಂದ ಗಳಿಗೆಯನ್ನು ಬರೆದಿಡುತ್ತಿದ್ದನು. ಇದೂ ಒಂದು ಹಾಜರಿ ಪುಸ್ತಕವೇ. ಒಂದು ಇರುವೆ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತೂಮುಕ್ಕಾಲರ ವರೆಗೆ ಬಿಡುವಿಲ್ಲದೆ ದುಡಿದು 187 ಮರಿಹುಳುಗಳನ್ನು ಗೂಡಿಗೆ ಹೊತ್ತಿತು. ಲಂಡನ್ನಿಗೆ ಹೋಗುವಾಗ ತನ್ನ ಲೆಕ್ಕ ತಪ್ಪದಿರಲೆಂದು ಆತನು ಇರುವೆಗಳನ್ನು ಪುಟ್ಟ ಸೀಸೆಗಳಲ್ಲಿ ಹಾಕಿಡುತ್ತಿದ್ದನಂತೆ. ಒಮ್ಮೆ ಆರು ದಿನ ಸೀಸೆಯಲ್ಲಿದ್ದ ಕಪ್ಪಿರುವೆಯನ್ನು ಹೊರಗೆ ಬಿಟ್ಟರೆ, ಅದು ತಕ್ಷಣವೇ ಒಂದು ಮರಿಹುಳುವನ್ನು ಎತ್ತಿಕೊಂಡು ಗೂಡಿಗೆ ಹೋಯಿತು. ಅರ್ಧ ಗಂಟೆ ವಿಶ್ರಮಿಸಿಕೊಂಡು ಮತ್ತೊಂದಕ್ಕೆ ಬಂದಿತು. ಆ ಅರ್ಧ ಗಂಟೆಯನ್ನೂ ಆತನು ಬರೆದಿಟ್ಟಿದ್ದಾನೆ. 1882ರಲ್ಲಿ ಇವೆಲ್ಲ ಪುಸ್ತಕವಾಗಿ ಬಂದುವು. ಆತನ ಗೂಡಿನ ಒಂದು ರಾಣಿ ಇರುವೆ ಸುಮಾರು ಹದಿನೈದು ವರ್ಷ ಬದುಕಿತ್ತು. ಅದೇ 1882ರಲ್ಲಿ ಡಾರ್ವಿನ್ ತೀರಿಕೊಂಡನು. ಆತನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹೂಳಿಸಬೇಕೆಂದು ಓಡಾಡಿದವರಲ್ಲಿ ಲಬ್ಬಕ್ ಮುಂದಾಳು. ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದವರಲ್ಲಿಯೂ ಒಬ್ಬ. ಪುರಾತನ ಸ್ಮಾರಕಗಳನ್ನು ಕಾಪಾಡುವ ಆತನ ಕಾಯಿದೆಯೂ ಆ ವರ್ಷವೇ ಬಂದಿತು.

ಬ್ಯಾಂಕಿನವರಿಗೆ ಒಂದೇ ವರ್ಷದಲ್ಲಿ ಗೆದ್ದುಕೊಟ್ಟ ಲಬ್ಬಕ್, ಅಂಗಡಿಯವರ ವಿಷಯದಲ್ಲಿ ಮಾತ್ರ ಮೂವತ್ತು ವರ್ಷಕ್ಕೂ ಮೇಲೆ ಹೆಣಗಿದನು. ಆತನ ಜೀವನದಲ್ಲಿ ನಾನು ಮೂರು ಸಲ ಓದಿದ ಭಾಗ ಇದು. ಕಾರ್ಖಾನೆಗೆ ಕಾಯಿದೆಯಿತ್ತು, ಗಣಿಗೆ ಕಾಯಿದೆಯಿತ್ತು. ಅಂಗಡಿಯಲ್ಲಿ ನಿಂತ ಹುಡುಗ ಹುಡುಗಿಯರಿಗೆ ಏನೂ ಇರಲಿಲ್ಲ. ವಾರಕ್ಕೆ ಎಂಬತ್ತು ಗಂಟೆಗೂ ಮೇಲೆ ನಿಲ್ಲುವವರು ಎಷ್ಟೋ ಜನ. ಗಿರಾಕಿಯಿಲ್ಲದಿದ್ದರೂ ಕೂರುವಂತಿಲ್ಲ. ಪಕ್ಕದವನು ಮುಚ್ಚದೆ ನಾನು ಮುಚ್ಚಿದರೆ ನನ್ನ ಗಿರಾಕಿ ಅವನಿಗೆ ಹೋಗುತ್ತಾನೆಂಬ ಭಯ ಒಬ್ಬೊಬ್ಬ ಅಂಗಡಿಯವನಿಗೂ. ಎಲ್ಲರಿಗೂ ಮುಚ್ಚುವ ಮನಸ್ಸಿದ್ದು, ಒಬ್ಬನಿಗೂ ಮೊದಲು ಮುಚ್ಚುವ ಧೈರ್ಯವಿಲ್ಲ. ಲಬ್ಬಕ್ ತಂದ ಮಸೂದೆಗಳು ಬಿದ್ದುವು, ಮತ್ತೆ ತಂದನು. 1886ರಲ್ಲಿ ಬಂದ ಕಾಯಿದೆ, ಹದಿನೆಂಟು ವರ್ಷದೊಳಗಿನವರನ್ನು ಊಟದ ಹೊತ್ತೂ ಸೇರಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದಿತು. ಇದೇ ಆಗ ದೊಡ್ಡ ಉಪಕಾರ! ಅದನ್ನು ನೋಡಿಕೊಳ್ಳಲು ಇನ್‌ಸ್ಪೆಕ್ಟರುಗಳೂ ಇರಲಿಲ್ಲ. 1892ರಲ್ಲಿ ಅವರನ್ನು ನೇಮಿಸುವ ಅಧಿಕಾರ ಊರಿನ ಸಭೆಗಳಿಗೆ ಬಂದಿತು. ಅಂಗಡಿಯಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದರಂತೆ ಆಸನವಿಡಬೇಕೆಂಬ ಕಟ್ಟಳೆಗೆ 1899ರ ವರೆಗೆ ಕಾಯಬೇಕಾಯಿತು. ಒಂದು ಸ್ಟೂಲಿಗೂ ಪಾರ್ಲಿಮೆಂಟು ಕೂರಬೇಕು!

1900ರಲ್ಲಿ ಆತನಿಗೆ ಲಾರ್ಡ್ ಪದವಿ ಬಂದಾಗ ಏವ್‌ಬರಿಯೆಂಬ ಹೆಸರನ್ನು ಆರಿಸಿಕೊಂಡನು. ಅಲ್ಲಿನ ಪುರಾತನ ಶಿಲಾವೃತ್ತ ಮನೆ ಕಟ್ಟುವವರ ಕೈಗೆ ಸಿಕ್ಕಿ ಹಾಳಾಗದಿರಲೆಂದು ಆತನೇ ಹಿಂದೆ ಆ ನೆಲವನ್ನು ಕೊಂಡಿದ್ದನು. ಲಾರ್ಡುಗಳ ಸಭೆಯಲ್ಲಿಯೂ ಅಂಗಡಿಯ ಮಾತನ್ನು ಬಿಡಲಿಲ್ಲ. ಊರಿನ ಅಂಗಡಿಕಾರರಲ್ಲಿ ಮೂರನೆಯ ಎರಡು ಪಾಲು ಒಪ್ಪಿದರೆ ಎಲ್ಲರೂ ಗೊತ್ತಾದ ಹೊತ್ತಿಗೆ ಮುಚ್ಚಬೇಕೆಂಬ ಆತನ ಮಸೂದೆ 1904ರಲ್ಲಿ ಕಾಯಿದೆಯಾಯಿತು. ಒಪ್ಪಿಗೆಯನ್ನೇ ನೆಚ್ಚಿಕೊಂಡುದರಿಂದ ಅದು ಕುಂಟುತ್ತ ನಡೆಯಿತು. ಆತನು ಸ್ವತಃ ಯಜಮಾನರ ಗುಂಪಿಗೆ ಸೇರಿದವನು. ಯಜಮಾನರನ್ನು ಬಲವಂತಪಡಿಸಲು ಮನಸ್ಸು ಹಿಂಜರಿಯಿತೋ ಏನೋ. ಈ ಒಂದು ದೋಷವನ್ನು ನಾನು ಮುಚ್ಚಿಡಲಾರೆ. ಅಂಗಡಿಯ ನೌಕರರಿಗೆ ವಾರಕ್ಕೆ ಅರ್ಧ ದಿನ ಬಿಡುವು ಕೊಡಲೇಬೇಕೆಂದು 1911ರಲ್ಲಿ ಬೇರೆಯವರ ಕೈಯಿಂದ ಕಾಯಿದೆಯಾದಾಗ ಆತನಿಗೆ 77 ವರ್ಷ. ನೋಡಿಕೊಂಡು ಹೋಗಲು ಆಯುಸ್ಸಿತ್ತು. 1913ರ ಮೇ 28ರಂದು, ಕೆಂಟ್ ತೀರದ ಕಿಂಗ್ಸ್‌ಗೇಟ್ ಕೋಟೆಮನೆಯಲ್ಲಿ ತೀರಿಕೊಂಡನು. ಮಾರನೆಯ ದಿನಕ್ಕೆ ಮೊದಲನೆಯ ಬ್ಯಾಂಕ್ ರಜೆಗೆ 42 ವರ್ಷ ತುಂಬುತ್ತಿತ್ತು. ಆಗಸ್ಟಿನ ಆ ಸೋಮವಾರ ಇಂಗ್ಲೆಂಡಿನಲ್ಲಿ 1965ರಿಂದ ತಿಂಗಳ ಕೊನೆಗೆ ಸರಿಯಿತು. ರಜೆ ಮಾತ್ರ ಹೋಗಲಿಲ್ಲ.

ಕಳೆದ ದೀಪಾವಳಿ ಮುಗಿದ ರಾತ್ರಿ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕೇಳುತ್ತಿದ್ದರು. ಇರುವೆಯ ಅರ್ಧ ಗಂಟೆಗೆ ನಕ್ಕರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಆ ಸೋಮವಾರ ಸಂಬಳ ಹಿಡಿಯುತ್ತಿದ್ದರೇ? ಗುಮಾಸ್ತೆಗೆ ತಿಂಗಳ ಲೆಕ್ಕದ ಸಂಬಳವಾದುದರಿಂದ ಹಿಡಿಯುತ್ತಿರಲಿಲ್ಲವೆಂದೂ, ದಿನಗೂಲಿಯವರಿಗೆ ಸಾಮಾನ್ಯವಾಗಿ ಆ ದಿನದ ಕೂಲಿ ಇರಲಿಲ್ಲವೆಂದೂ, ಸಂಬಳ ಸಹಿತ ರಜೆಗೆ ಆ ದೇಶದಲ್ಲಿ ಕಾಯಿದೆ ಬಂದದ್ದು 1938ರಲ್ಲಿ ಎಂದೂ ಹೇಳಿದೆ. ನಮ್ಮಲ್ಲಿಯೂ, ಆಗಿನ ಮೈಸೂರು ರಾಜ್ಯ 1961ರಲ್ಲಿ ಮಾಡಿದ ಅಂಗಡಿಗಳ ಕಾಯಿದೆಯಲ್ಲಿ ವಾರಕ್ಕೊಂದು ದಿನದ ಬಿಡುವೂ, ದುಡಿದ ಇಪ್ಪತ್ತು ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆಯೂ ಬರೆದಿದೆಯೆಂದೆ. ತಂದೆಯವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಆ ಪ್ರಕರಣವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡೆಂದರು. ಬರೆದುಕೊಟ್ಟೆ. ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಲಗಿದರು. ಮಾರನೆಯ ಬೆಳಿಗ್ಗೆ ಎಂಟೂವರೆಗೆ, ಎಂದಿನಂತೆ, ಅಂಗಡಿಗೆ ಹೊರಟರು.